ಟಾರ್ಚ್ ಬೆಳಕಿನಲ್ಲಿ ಕಂಡ ಧೂಳು

ನಾನು ಸೇಫ್ಟಿ ಆಫೀಸರ್ ಅಂತ ಮೊದಲು ಸೇರಿದ್ದು ಆನೇಕಲ್ ಕಡೆಯ ಒಂದು ಗ್ರಾನೈಟ್ ಪಾಲಿಶ್ ಘಟಕಕ್ಕೆ. ಸೇರಿದ ವಾರವೇ ಇನ್ನೂರು ಮಾಸ್ಕ್ ತರಿಸಿ ಹಂಚಿದೆ. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡೆ, ಸಹಿ ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡೆ. ಮಾಲೀಕರು ಬೆನ್ನು ತಟ್ಟಿದರು. ಹದಿನೈದು ದಿನ ಕಳೆಯುವಷ್ಟರಲ್ಲಿ ಮಾಸ್ಕುಗಳೆಲ್ಲ ಗದ್ದದ ಕೆಳಗೆ ಇಳಿದಿದ್ದವು. ಒಬ್ಬ ಅದರ ಬಟ್ಟಲಿನಲ್ಲಿ ಎಲೆಅಡಿಕೆ ಇಟ್ಟುಕೊಂಡು ಮೊಳೆಗೆ ನೇತುಹಾಕಿದ್ದ. ನಾನು ದಂಡ ಹಾಕಲು ಶುರುಮಾಡಿದೆ. ಆಗ ನನಗೆ ಇಪ್ಪತ್ತಾರು ವರ್ಷ; ಮಾಸ್ಕ್ ಹಾಕಿಸುವುದೇ ನನ್ನ ಕೆಲಸ ಎಂದು ನಂಬಿದ್ದೆ.

ಆಮೇಲೆ ಫೌಂಡ್ರಿ, ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್, ಗಾಡಿಗಳಿಗೆ ಬಣ್ಣ ಹೊಡೆಯುವ ಶೆಡ್ಡು ಅಂತ ಊರೂರು ಸುತ್ತಿದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಕೇಳಿದಾಗ ಹೇಳುತ್ತಿದ್ದ ಮಾತುಗಳನ್ನು ಇಲ್ಲಿ ನಂಬರ್ ಹಾಕಿ ಬರೆದಿದ್ದೇನೆ. ನಂಬರಿಗೂ ಮಹತ್ವಕ್ಕೂ ಸಂಬಂಧವಿಲ್ಲ.

1. ನೆಲಕ್ಕೆ ಬಿದ್ದ ಧೂಳನ್ನು ನೋಡಿ ಸಮಾಧಾನಪಡಬೇಡಿ

ಒಂದು ಸಂಜೆ ಕರೆಂಟ್ ಹೋಯಿತು. ಕಲ್ಲಿನ ಅಂಚು ತೀಡುವ ಚಿಕ್ಕ ಶೆಡ್ಡಿನಲ್ಲಿ ಗ್ರೈಂಡರುಗಳು ನಿಂತು ಇಪ್ಪತ್ತು ನಿಮಿಷವಾಗಿತ್ತು. ಹುಡುಗರು ಮಾಸ್ಕ್ ತೆಗೆದು ಟೀ ಕುಡಿಯುತ್ತಿದ್ದರು. ಬಿಟ್ಟುಹೋಗಿದ್ದ ಫೈಲು ಹುಡುಕಲು ನಾನು ಟಾರ್ಚ್ ಹಾಕಿದೆ. ಬೆಳಕು ಓರೆಯಾಗಿ ಬಿದ್ದ ಕಡೆ ಗಾಳಿಯಲ್ಲಿ ಏನೋ ಮಿಣಮಿಣ ಎನ್ನುತ್ತಿತ್ತು. ತೆಳ್ಳಗಿನ ಹಾಲು ಕದಡಿದ ಹಾಗೆ, ನಿಧಾನವಾಗಿ ಸುತ್ತುತ್ತ. "ಏನ್ ಸಾರ್ ಅದು, ಹೊಗೇನಾ?" ಎಂದ ಒಬ್ಬ. ಟೀ ಲೋಟ ಅವನ ಬಾಯಿಯ ಹತ್ತಿರವೇ ಇತ್ತು, ಆ ಹಾಲು ಲೋಟದ ಮೇಲೂ ಸುತ್ತುತ್ತಿತ್ತು.

ದಪ್ಪ ಕಣಗಳು ಬೇಗ ನೆಲಕ್ಕೆ ಬೀಳುತ್ತವೆ. ನಾವು ಕೆಮ್ಮುವುದು, ಬೈಯುವುದು, ಪೊರಕೆ ಹಿಡಿಯುವುದು ಎಲ್ಲ ಅವನ್ನು ನೋಡಿಯೇ. ಅವುಗಳಲ್ಲಿ ಬಹುಪಾಲನ್ನು ಮೂಗಿನ ಕೂದಲು, ಗಂಟಲ ಲೋಳೆ ತಡೆಯುತ್ತವೆ. ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಹೋಗುವಂಥವು ಹೆಚ್ಚಾಗಿ 4 ಮೈಕ್ರಾನಿಗಿಂತ ಚಿಕ್ಕವು. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಅಂದಾಜು ಸಿಗುತ್ತದೆ. ಒಂದು ಮೈಕ್ರಾನಿನ ಕಲ್ಲಿನ ಕಣ ಅಲುಗಾಡದ ಗಾಳಿಯಲ್ಲಿ ಆಳೆತ್ತರದಿಂದ ನೆಲಕ್ಕಿಳಿಯಲು ಐದಾರು ಗಂಟೆ ಹಿಡಿಯುತ್ತದೆ. ನಡೆದಾಡುವ ಮನುಷ್ಯರಿರುವ ಶೆಡ್ಡಿನಲ್ಲಿ ಅದು ಇಳಿಯುವುದೇ ಇಲ್ಲ ಅನ್ನಿ.

ಅವತ್ತಿನಿಂದ ನನ್ನ ಬ್ಯಾಗಿನಲ್ಲಿ ಒಂದು ಜೋರು ಟಾರ್ಚ್ ಇದ್ದೇ ಇರುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ನಿಮ್ಮತ್ತ ತಿರುಗಿಸಿ ಇಡಿ. ಅದರ ಬಲ್ಬು ಕಣ್ಣಿಗೆ ಹೊಡೆಯದಂತೆ ಒಂದು ರಟ್ಟು ಅಡ್ಡ ಹಿಡಿದು, ಬೆಳಕಿನ ಕಡೆಗೇ ನೋಡಿ. ಲಕ್ಷಾಂತರ ರೂಪಾಯಿಯ ಯಂತ್ರ ಮಾಡದ ಕೆಲಸವನ್ನು ಇದು ಮಾಡಿದ್ದನ್ನು ಕಂಡಿದ್ದೇನೆ: ಮಾಲೀಕರ ಬಾಯಿ ಮುಚ್ಚಿಸಿದೆ.

2. ಯಾವ ಕಲ್ಲು ಅಂತ ಕೇಳಿ

ಧೂಳೆಲ್ಲ ಒಂದೇ ಅಲ್ಲ. ಅದರಲ್ಲಿ ಸಿಲಿಕಾ, ಅಂದರೆ ಕ್ವಾರ್ಟ್ಜ್, ಎಷ್ಟಿದೆ ಅನ್ನುವುದೇ ಮುಖ್ಯ ಪ್ರಶ್ನೆ. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು, ಇಳಕಲ್ಲಿನ ಕೆಂಪು ಕಲ್ಲು, ಇವೆಲ್ಲ ನಿಜವಾದ ಗ್ರಾನೈಟ್ ಜಾತಿಯವು, ಕ್ವಾರ್ಟ್ಜ್ ಧಾರಾಳ. ಚಾಮರಾಜನಗರದ ಕರಿಕಲ್ಲನ್ನು ವ್ಯಾಪಾರದಲ್ಲಿ 'ಬ್ಲ್ಯಾಕ್ ಗ್ರಾನೈಟ್' ಅನ್ನುತ್ತಾರೆ. ಭೂವಿಜ್ಞಾನಿಯನ್ನು ಕೇಳಿದರೆ ಅದು ಗ್ರಾನೈಟೇ ಅಲ್ಲ, ಡಾಲರೈಟ್. ಕ್ವಾರ್ಟ್ಜ್ ಬಹಳ ಕಡಿಮೆ. ಒಂದೇ ಶೆಡ್ಡು, ಒಂದೇ ಗ್ರೈಂಡರು. ಆದರೆ ಸೋಮವಾರ ಕರಿಕಲ್ಲು ತೀಡಿ ಮಂಗಳವಾರ ಬಿಳಿಕಲ್ಲಿಗೆ ಕೈಹಾಕಿದರೆ ಅಪಾಯ ಎಷ್ಟೋ ಪಟ್ಟು ಏರುತ್ತದೆ. ಸಂಡೂರಿನ ಕಬ್ಬಿಣದ ಅದಿರಿನ ಕೆಂಪು ಧೂಳು ಬಟ್ಟೆ, ಗಿಡ, ಮನೆಗಳಿಗೆಲ್ಲ ಬಣ್ಣ ಬಳಿದಾಗ ಊರೇ ಎದ್ದು ಕೂಗಿತು, ಕೂಗಬೇಕಾದದ್ದೇ. ಬಿಳಿ ಧೂಳಿಗೆ ಆ ಭಾಗ್ಯವಿಲ್ಲ, ಅದು ಮೈಮೇಲೆ ಬಿದ್ದರೆ ವಿಭೂತಿಯ ಹಾಗೆ ಕಾಣುತ್ತದೆ.

ಈಗ ಅಡುಗೆಮನೆ ಕಟ್ಟೆಗೆ ಬರುತ್ತಿರುವ 'ಕ್ವಾರ್ಟ್ಜ್ ಸ್ಲ್ಯಾಬ್' ಇನ್ನೂ ಕೆಟ್ಟದ್ದು. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಈ ಹಲಗೆಗಳಲ್ಲಿ ಸಿಲಿಕಾ ಶೇಕಡಾ 90 ದಾಟಿರುವುದುಂಟು. ಅದನ್ನು ಒಣದಾಗಿ ಕತ್ತರಿಸಿದ ಯುವಕರು ಕೆಲವೇ ವರ್ಷಗಳಲ್ಲಿ ಕಾಯಿಲೆ ಬಿದ್ದದ್ದನ್ನು ಕಂಡು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ನಮ್ಮಲ್ಲಿ ಬಡಗಿಗಳು ಅದನ್ನು ಫ್ಲ್ಯಾಟಿನ ಬಾಲ್ಕನಿಯಲ್ಲಿ, ಬಾಯಿಗೆ ಕರ್ಚೀಫ್ ಕಟ್ಟಿಕೊಂಡು ಕತ್ತರಿಸುತ್ತಾರೆ.

ಎಷ್ಟು ಧೂಳು ಹೆಚ್ಚು? 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಒಂದು ಲೆಕ್ಕವಿತ್ತು: ಧೂಳಿನಲ್ಲಿ ಕ್ವಾರ್ಟ್ಜ್ ಶೇಕಡಾ ಎಷ್ಟೋ ಅದಕ್ಕೆ 2 ಕೂಡಿಸಿ, ಬಂದದ್ದರಿಂದ 10ನ್ನು ಭಾಗಿಸಿ. ಶೇಕಡಾ 30 ಕ್ವಾರ್ಟ್ಜ್ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸೂಕ್ಷ್ಮ ಧೂಳು ಸುಮಾರು 0.3 ಮಿಲಿಗ್ರಾಂ ದಾಟಬಾರದು ಎಂದಾಗುತ್ತಿತ್ತು. ಅಮೆರಿಕ 2016ರಲ್ಲಿ ಇನ್ನೂ ಬಿಗಿ ಮಾಡಿ ಸಿಲಿಕಾ ಒಂದೇ 0.05 ಮಿಲಿಗ್ರಾಂ ಮೀರಬಾರದು ಎಂದಿತು. ಮೈಮುರಿದು ದುಡಿಯುವವನು ಒಂದು ಪಾಳಿಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಉಸಿರಾಡುತ್ತಾನೆ. ಅಮೆರಿಕದ ಆ ಮಿತಿಯಲ್ಲಿ ಅವನೊಳಗೆ ಹೋಗುವುದು ದಿನಕ್ಕೆ ಅರ್ಧ ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪನ್ನು ನೂರು ಪಾಲು ಮಾಡಿದರೂ ಒಂದು ಪಾಲು ಅದಕ್ಕಿಂತ ಹೆಚ್ಚೇ ಇರುತ್ತದೆ.

3. ಬೆಲ್ಲದ ವಿಚಾರ

ಪ್ರತಿ ಫೌಂಡ್ರಿಯಲ್ಲೂ, ಪ್ರತಿ ಕ್ರಷರಿನಲ್ಲೂ ಇದೇ: ಧೂಳಿನ ಕೆಲಸ ಮಾಡುವವರಿಗೆ ಸಂಜೆ ಒಂದು ಉಂಡೆ ಬೆಲ್ಲ. ಕೆಲವು ಕಡೆ ಬಾಳೆಹಣ್ಣು. "ಬೆಲ್ಲ ಧೂಳನ್ನ ಎಳ್ಕೊಂಡು ಹೋಗುತ್ತೆ ಸಾರ್." ಅನ್ನನಾಳ ಬೇರೆ, ಶ್ವಾಸನಾಳ ಬೇರೆ ಎಂದು ಗೋಡೆಯ ಮೇಲೆ ಚಿತ್ರ ಬರೆದು ಪಾಠ ಮಾಡಿದೆ. ಎಲ್ಲರೂ ತಲೆಯಾಡಿಸಿದರು. ಸಂಜೆ ಬೆಲ್ಲದ ಸಾಲು ಹಾಗೆಯೇ ಇತ್ತು.

ಆಮೇಲೆ ತಿಳಿಯಿತು, ಆ ಬೆಲ್ಲ ಅವರಿಗೆ ಸಿಗುತ್ತಿದ್ದ ಒಂದೇ ಒಂದು ಕಾಳಜಿ. ಅದನ್ನು ಕಿತ್ತುಕೊಳ್ಳಲು ಹೋದ ನಾನು ಜಿಪುಣ ಮಾಲೀಕನ ಏಜೆಂಟನ ಹಾಗೆ ಕಂಡಿದ್ದೆ. ಬೆಲ್ಲ ಕೊಡಲಿ. ಆದರೆ ಮಾಲೀಕರ ಲೆಕ್ಕದಲ್ಲಿ ಅದನ್ನು 'ಸೇಫ್ಟಿ ಖರ್ಚು' ಅಂತ ಬರೆದಿದ್ದರೆ ಮಾತ್ರ ಜಗಳ ಆಡಿ. ನಾನು ಆಡಿದ್ದೇನೆ.

4. ಕೆಲಸ ಬಿಟ್ಟ ಮೇಲೂ ಕಾಯಿಲೆ ಬಿಡುವುದಿಲ್ಲ

ಕೋಲಾರದ ಚಿನ್ನದ ಗಣಿಗೂ ಈ ಧೂಳಿಗೂ ಹಳೆಯ ನಂಟು. ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್ ಕಾಯಿಲೆಯ ಬಗ್ಗೆ ಭಾರತದಲ್ಲಿ ಮೊದಲು ವರದಿಯಾದದ್ದು ಅಲ್ಲಿಂದಲೇ, 1947ರಲ್ಲಿ. ಅದಕ್ಕೂ ಮುಂಚಿನ ಆರೇಳು ವರ್ಷ ಗಣಿಯ ಸಾವಿರಾರು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಕಾಯಿಲೆ ಕಂಡಿತ್ತು. ಗಣಿ 2001ರಲ್ಲಿ ಮುಚ್ಚಿತು. ಗಣಿಗೆ ಬೀಗ ಬಿದ್ದರೂ ಎದೆಯೊಳಗಿನ ಧೂಳಿಗೆ ಬೀಗ ಬೀಳಲಿಲ್ಲ. ಸಿಲಿಕಾ ಕಣವನ್ನು ನುಂಗಿದ ರಕ್ಷಣಾ ಕೋಶ ಅದನ್ನು ಅರಗಿಸಲಾಗದೆ ತಾನೇ ಸಾಯುತ್ತದೆ, ಕಣ ಹೊರಬರುತ್ತದೆ, ಮತ್ತೊಂದು ಕೋಶ ಅದನ್ನು ನುಂಗುತ್ತದೆ. ಹೀಗೆ ಸುತ್ತಲೂ ಗಾಯದ ಗಂಟು ಬೆಳೆಯುತ್ತ ಹೋಗುತ್ತದೆ. ಔಷಧಿಯಿಂದ ಅದನ್ನು ಕರಗಿಸಲಾಗುವುದಿಲ್ಲ.

ಇಂಥ ಶ್ವಾಸಕೋಶಕ್ಕೆ ಕ್ಷಯ ಬಹಳ ಸುಲಭವಾಗಿ ಅಂಟುತ್ತದೆ. ಕ್ಷಯವಿಲ್ಲದಿದ್ದರೂ ಎಕ್ಸ್‌ರೇ ನೋಡಿ ಕ್ಷಯ ಎಂದುಕೊಳ್ಳುವುದಿದೆ. ಶಿರಾ ಕಡೆಯ ಒಬ್ಬ ಹಿರಿಯರು ಕ್ವಾರಿಯಲ್ಲಿ ಹದಿನೆಂಟು ವರ್ಷ ಜಾಕ್‌ಹ್ಯಾಮರ್ ಹಿಡಿದವರು. ಮೂರು ಸಲ ಟಿಬಿ ಮಾತ್ರೆ ನುಂಗಿದ್ದರು. ನನಗೆ ಸಿಕ್ಕಾಗ ಅವರ ಕೈಚೀಲದ ತುಂಬ ಚೀಟಿಗಳಿದ್ದವು. ಎಲ್ಲ ಚೀಟಿಗಳಲ್ಲೂ ಬೀಡಿ ಸೇದುತ್ತಾರೋ, ಕುಡಿಯುತ್ತಾರೋ ಎಂದು ಬರೆದಿತ್ತು. ಏನು ಕೆಲಸ ಮಾಡುತ್ತಿದ್ದರು ಎಂದು ಒಂದರಲ್ಲೂ ಇರಲಿಲ್ಲ. "ಕೇಳಿದ್ರೆ ಹೇಳ್ತಿದ್ದೆ ಸ್ವಾಮಿ. ಯಾರೂ ಕೇಳ್ಲಿಲ್ಲ" ಅಂದರು.

ಕೆಲಸ ಏನೆಂದು ಬರೆಯುವ ಆ ಒಂದು ಸಾಲಿಗೆ ಬೆಲೆಯಿದೆ. ಕಾನೂನಿನ ಪ್ರಕಾರ ಸಿಲಿಕೋಸಿಸ್ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. ಪರಿಹಾರದ ಕಾನೂನಿನಲ್ಲೂ ಅದು ಕಸುಬಿನಿಂದ ಬರುವ ಕಾಯಿಲೆ. ಆದರೆ ಚೀಟಿಯಲ್ಲಿ ಕಸುಬೇ ಇಲ್ಲದಿದ್ದರೆ ಪರಿಹಾರಕ್ಕೆ ದಾರಿಯೇ ಇಲ್ಲ. ಅಂದಿನಿಂದ ಕೆಲಸ ಬಿಟ್ಟು ಹೋಗುವ ಪ್ರತಿಯೊಬ್ಬರಿಗೂ ನಾನು ಒಂದು ಹಾಳೆ ಕೊಡುತ್ತೇನೆ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಕಲ್ಲು, ಯಾವ ಮಿಷನ್ನು. ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ ಎನ್ನುತ್ತೇನೆ.

5. ನೀರು ಬ್ಲೇಡಿಗೋ ಮನುಷ್ಯನಿಗೋ

ಕಲ್ಲಿನ ದಿಮ್ಮಿ ಸೀಳುವ ದೊಡ್ಡ ಮಿಷನ್ನುಗಳಿಗೆಲ್ಲ ಧೋ ಎಂದು ನೀರು ಬಿಡುತ್ತಾರೆ. ಬಿಡದಿದ್ದರೆ ವಜ್ರದ ಹಲ್ಲಿನ ಬ್ಲೇಡ್ ಸುಟ್ಟುಹೋಗುತ್ತದೆ, ಬ್ಲೇಡಿಗೆ ಸಾವಿರಾರು ರೂಪಾಯಿ. ಅದೇ ಶೆಡ್ಡಿನ ಮೂಲೆಯಲ್ಲಿ ಅಂಚು ತೀಡುವ ಹುಡುಗ ಕೈ ಗ್ರೈಂಡರನ್ನು ಒಣದಾಗಿಯೇ ಒತ್ತುತ್ತಿರುತ್ತಾನೆ. ಈ ವಿಷಯವನ್ನು ನಾನು ಗಮನಿಸಲು ಎರಡು ವರ್ಷ ಹಿಡಿಯಿತು ಎನ್ನಲು ನಾಚಿಕೆಯಾಗುತ್ತದೆ.

ಕಾರಣ ಕೇಳಿದರೆ, "ಕರೆಂಟ್ ಹೊಡೆಯುತ್ತೆ ಸಾರ್." ನಿಜ. ಕರೆಂಟಿನ ಕೈ ಗ್ರೈಂಡರಿಗೆ ಪೈಪು ಕಟ್ಟಿ ನೀರು ಬಿಡಿ ಎನ್ನುವವನು ಕೊಲೆಗಾರ. ಅದಕ್ಕೆ ಗಾಳಿಯಿಂದ ತಿರುಗುವ ಗ್ರೈಂಡರ್ ಇದೆ, ನಡುವಿನಿಂದ ನೀರು ಬರುವಂಥದ್ದು. ಕಂಪ್ರೆಸರ್ ಹೇಗೂ ಇತ್ತು. ಹೊಸದು ನಾಲ್ಕು ಕೊಂಡೆವು. ಬಂಡೆ ಕೊರೆಯುವ ಡ್ರಿಲ್ಲಿನ ಟೊಳ್ಳು ಸಲಾಕೆಯೊಳಗೆ ನೀರು ಹರಿಸುವ ಉಪಾಯವಂತೂ ನೂರು ವರ್ಷಕ್ಕೂ ಹಳೆಯದು. ಆದರೂ ನಮ್ಮ ಕ್ವಾರಿಗಳಲ್ಲಿ ಒಣ ಜಾಕ್‌ಹ್ಯಾಮರಿನ ಬಿಳಿ ಹೊಗೆ ಇನ್ನೂ ಹೆದ್ದಾರಿಯಿಂದಲೇ ಕಾಣುತ್ತದೆ.

ನೀರಿಗೂ ಅದರದೇ ಆದ ಕಾಟವಿದೆ. ಕಲ್ಲಿನ ಧೂಳು ಕಲೆತ ನೀರು, ಅಂದರೆ ಸ್ಲರಿ, ನೆಲದ ಮೇಲೆ ಒಣಗಿದರೆ ಅದು ಮೊದಲಿಗಿಂತಲೂ ನುಣ್ಣನೆಯ ಧೂಳು. ತಳ್ಳುಗಾಡಿ ಅದರ ಮೇಲೆ ಹಾದರೆ ಸಾಕು, ಏಳುತ್ತದೆ. ಕ್ರಷರಿನಲ್ಲಿ ಸ್ಪ್ರೇ ನಾಝಲ್ಲುಗಳು ಬೋರ್‌ವೆಲ್ ನೀರಿನ ಗಡಸಿಗೆ ಕಟ್ಟಿಕೊಳ್ಳುತ್ತವೆ. ಇನ್ಸ್‌ಪೆಕ್ಷನ್ ದಿನ ಅವನ್ನು ಪಿನ್ನಿನಿಂದ ಚುಚ್ಚುವ ಹುಡುಗನೊಬ್ಬ ಎಲ್ಲ ಕಡೆ ಇರುತ್ತಾನೆ. ಅವನ ಸ್ನೇಹ ಬೆಳೆಸಿ. ಉಳಿದ ದಿನಗಳ ಕತೆ ಅವನಿಗೆ ಗೊತ್ತು.

ಪಾಳಿ ಮುಗಿದ ಮೇಲೆ ಕಂಪ್ರೆಸರ್ ಗಾಳಿಯಿಂದ ಬಟ್ಟೆ ಝಾಡಿಸುವುದನ್ನು ಮಾತ್ರ ನಾನು ಮುಲಾಜಿಲ್ಲದೆ ನಿಲ್ಲಿಸುತ್ತೇನೆ. ಇಡೀ ದಿನ ಬಟ್ಟೆ ಹಿಡಿದಿಟ್ಟದ್ದನ್ನು ಒಂದು ನಿಮಿಷದಲ್ಲಿ ಮೂಗಿಗೆ ತುಂಬಿಕೊಂಡು ಮನೆಗೆ ಹೋಗುವುದದು.

6. ದೀಪವನ್ನು ಊದಿ ಆರಿಸಬಹುದು, ಉಸಿರೆಳೆದು ಆರಿಸಿ ನೋಡೋಣ

ಮಾಲೀಕರಿಗೆ ಎಕ್ಸಾಸ್ಟ್ ಅಂದರೆ ಗೋಡೆಯ ಮೇಲ್ಗಡೆ ಎರಡು ಫ್ಯಾನು. "ಹಾಕಿಸಿದೀವಲ್ರೀ!" ಆ ಫ್ಯಾನು ಧೂಳನ್ನು ಎಳೆಯುವುದು ನಿಜ, ನಡುವೆ ನಿಂತ ಮನುಷ್ಯನ ಮುಖ ದಾಟಿಸಿ ಎಳೆಯುತ್ತದೆ.

ಇದನ್ನು ಅರ್ಥ ಮಾಡಿಸಲು ನಾನು ಊದುಬತ್ತಿ, ಮೇಣದಬತ್ತಿ ಹಿಡಿದುಕೊಂಡು ಹೋಗುತ್ತೇನೆ. ಮಾರು ದೂರದಿಂದ ಊದಿದರೆ ಜ್ವಾಲೆ ಬಾಗುತ್ತದೆ. ಅಷ್ಟೇ ದೂರದಿಂದ ಎಷ್ಟೇ ಜೋರಾಗಿ ಉಸಿರೆಳೆದರೂ ಅದು ಅಲುಗುವುದಿಲ್ಲ. ಎಳೆಯುವ ಪೈಪಿನ ಬಾಯಿಯಿಂದ ಅದರ ವ್ಯಾಸದಷ್ಟು ದೂರ ಸರಿದರೆ ಸಾಕು, ಗಾಳಿಯ ವೇಗ ಹತ್ತನೇ ಒಂದು ಪಾಲಿಗೆ ಇಳಿದಿರುತ್ತದೆ. ಒಂಬತ್ತು ಇಂಚಿನ ಪೈಪಾದರೆ ಒಂಬತ್ತೇ ಇಂಚು. ಆದ್ದರಿಂದ ಹೀರುವ ಬಾಯಿ ಧೂಳು ಹುಟ್ಟುವ ಜಾಗದ ಹತ್ತಿರವೇ ಇರಬೇಕು. ಗೋಡೆಯಲ್ಲಿರುವುದು ಮಾಲೀಕರ ಸಮಾಧಾನಕ್ಕೆ.

ಒಮ್ಮೆ ಒಳ್ಳೆಯ ಹುಡ್ ಮಾಡಿಸಿ ಗ್ರೈಂಡಿಂಗ್ ಮೇಜಿನ ಬದಿಗೆ ಕೂರಿಸಿದೆವು. ಊದುಬತ್ತಿಯ ಹೊಗೆ ಸೊಯ್ಯನೆ ಒಳಗೆ ಹೋಗುತ್ತಿತ್ತು. ಖುಷಿಯಾಯಿತು. ತಿಂಗಳು ಬಿಟ್ಟು ಹೋದರೆ ಹೊಗೆ ನೇರ ಮೇಲಕ್ಕೇಳುತ್ತಿದೆ! ಸೆಕೆ ಅಂತ ಯಾರೋ ಪಕ್ಕದಲ್ಲಿ ಪೆಡೆಸ್ಟಲ್ ಫ್ಯಾನ್ ಇಟ್ಟಿದ್ದರು. ಹುಡ್ ಹೀರುವ ಮೊದಲೇ ಫ್ಯಾನ್ ಊದಿ ಚೆಲ್ಲುತ್ತಿತ್ತು. ಬೈಯಲಿಲ್ಲ. ಏಪ್ರಿಲ್ ತಿಂಗಳು, ಮೇಲೆ ಶೀಟಿನ ಛಾವಣಿ. ಫ್ಯಾನನ್ನು ಬೆನ್ನ ಹಿಂದೆ, ಸೊಂಟದ ಕೆಳಗೆ ಗಾಳಿ ಬರುವ ಹಾಗೆ ಇರಿಸಿ, ಛಾವಣಿಗೆ ಬಿಳಿ ಬಣ್ಣ ಹೊಡೆಸಿದೆವು. ಧೂಳಿನ ಕೆಲಸ ಮಾಡುವವನು ಸೆಕೆಯ ಲೆಕ್ಕವನ್ನೂ ಇಡಬೇಕು.

7. ಕೊನೆಗೂ ಮಾಸ್ಕಿಗೆ ಬರೋಣ

ದಂಡ ಹಾಕುತ್ತಿದ್ದ ಕಾಲದಲ್ಲಿ ಒಬ್ಬ ಗ್ರೈಂಡರಿನವನು ಹೇಳಿದ: "ಇದನ್ನ ಹಾಕ್ಕೊಂಡು ನೀವು ಅರ್ಧ ಗಂಟೆ ಮಿಷನ್ ಹಿಡೀರಿ ಸಾರ್. ದಂಡ ನಾನೇ ತಂದುಕೊಡ್ತೀನಿ." ಹಿಡಿದೆ. ಹನ್ನೆರಡನೇ ನಿಮಿಷಕ್ಕೆ ಮಾಸ್ಕಿನೊಳಗೆ ಬೆವರು ತುಂಬಿ, ಕನ್ನಡಕ ಮಂಜಾಗಿ, ಕೈ ತಾನಾಗಿಯೇ ಅದನ್ನು ಗದ್ದಕ್ಕೆ ಇಳಿಸಿತು. ಅವನು ನಗಲಿಲ್ಲ, ಅದೇ ಹೆಚ್ಚು ನೋವಾದದ್ದು. ಅಂದಿನಿಂದ ದಂಡದ ಪುಸ್ತಕ ಮುಚ್ಚಿದೆ. ಅರ್ಧ ಗಂಟೆಗೊಮ್ಮೆ ಸರದಿ ಬದಲಿಸುವ ಪದ್ಧತಿ ಬಂತು.

ಮುಖಕ್ಕೆ ಸರಿಯಾಗಿ ಕೂತ ಅರ್ಧಮುಖದ ಮಾಸ್ಕ್ ಹೊರಗಿನ ಧೂಳನ್ನು ಹತ್ತನೇ ಒಂದಕ್ಕೆ ಇಳಿಸುತ್ತದೆ ಎಂದು ಲೆಕ್ಕ. ಶೆಡ್ಡಿನ ಧೂಳು ಮಿತಿಯ ಮೂವತ್ತು ಪಟ್ಟು ಇದ್ದರೆ, ಮಾಸ್ಕ್ ಹಾಕಿಯೂ ಅವನು ಮಿತಿಯ ಮೂರು ಪಟ್ಟು ಕುಡಿಯುತ್ತಾನೆ. ಎನ್95 ಅಂದರೆ ಆ ಬಟ್ಟೆ ನೂರಕ್ಕೆ 95 ಕಣ ತಡೆಯುತ್ತದೆ ಎಂದರ್ಥ, ಅಂಚಿನ ಸಂದಿಗೆ ಆ ಭರವಸೆ ಇಲ್ಲ. ತಲೆಗೆ ಒಂದು ಮುಸುಕು ಹಾಕಿ, ಒಳಗೆ ಸ್ಯಾಕರಿನ್ ನೀರನ್ನು ಸಿಂಪಡಿಸುವ ಪರೀಕ್ಷೆಯಿದೆ. ಬಾಯಿಗೆ ಸಿಹಿ ಹತ್ತಿದರೆ ಮಾಸ್ಕ್ ಸೋರುತ್ತಿದೆ. ಮೊದಲ ದಿನ ಪರೀಕ್ಷಿಸಿದ ಹನ್ನೆರಡು ಮಂದಿಯಲ್ಲಿ ಐವರು ಸಿಹಿ ಎಂದರು. ಎಲ್ಲರಿಗೂ ಒಂದೇ ಅಳತೆಯ ಮಾಸ್ಕ್ ತರಿಸಿದ್ದವನು ನಾನೇ.

ಗಡ್ಡವಿದ್ದರೆ ಯಾವ ಮಾಸ್ಕೂ ಅಂಟಿ ಕೂರುವುದಿಲ್ಲ. ಆದರೆ ಹರಕೆಗೋ ಧರ್ಮಕ್ಕೋ ಗಡ್ಡ ಬಿಟ್ಟವನಿಗೆ ಬೋಳಿಸು ಎನ್ನುವ ಅಧಿಕಾರ ನನಗಿಲ್ಲ. ಸೊಂಟಕ್ಕೆ ಕಟ್ಟುವ ಬ್ಲೋವರಿನಿಂದ ಶುದ್ಧ ಗಾಳಿ ಬರುವ ಸಡಿಲ ಹುಡ್ ಇದೆ. ದುಬಾರಿ, ಆದರೂ ಕೊಡಿಸಿ. ಇನ್ನೊಂದು: ಧೂಳಿನ ಮಾಸ್ಕ್ ಹಾಕಿಕೊಂಡು ಕಾರಿಗೆ ಎರಡು ಡಬ್ಬಿ ಕಲಸುವ ಪೇಂಟ್ ಹೊಡೆಯುವವರನ್ನು ಕಂಡರೆ ತಕ್ಷಣ ನಿಲ್ಲಿಸಿ. ಅದರಲ್ಲಿನ ಐಸೊಸೈನೇಟ್ ಆಸ್ತಮಾ ತರುತ್ತದೆ, ಹಾನಿಯಾಗುವ ಮಟ್ಟದಲ್ಲೂ ಮೂಗಿಗೆ ವಾಸನೆ ತಿಳಿಯದಿರಬಹುದು. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

8. ಗುಂಡಿಗೆ ಮಾಸ್ಕ್ ಇಲ್ಲ

ಕೊಳಚೆ ನೀರಿನ ಟ್ಯಾಂಕು, ಮ್ಯಾನ್‌ಹೋಲು, ಹಳೆಯ ಬಾವಿ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೊದಲು ಮೂಗನ್ನೇ ಮಂಕು ಮಾಡುತ್ತದೆ. ವಾಸನೆ ಹೋಯಿತು, ಇನ್ನು ಪರವಾಗಿಲ್ಲ ಎಂದು ಇಳಿದವರು ಮೇಲೆ ಬಂದಿಲ್ಲ. ಆಮ್ಲಜನಕವೇ ಇಲ್ಲದ ಕಡೆ ಗಾಳಿ ಸೋಸುವ ಮಾಸ್ಕ್ ಏನನ್ನು ಸೋಸೀತು? ಅಣ್ಣ ಬಿದ್ದ ಅಂತ ತಮ್ಮ ಇಳಿಯುತ್ತಾನೆ, ತಮ್ಮ ಬಿದ್ದ ಅಂತ ಮೇಸ್ತ್ರಿ. ಚರಂಡಿಗೆ ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಇಳಿಸಬೇಡಿ. ಇದರಲ್ಲಿ ನನ್ನ ಬಳಿ ಬೇರೆ ಪಾಠವಿಲ್ಲ.

9. ಸೋಮವಾರ ಹೇಗಿತ್ತು?

ಹತ್ತಿಯ ಕೆಲಸದಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು. ಹತ್ತಿ ಧೂಳಿನ ಕಾಯಿಲೆಯ ಶುರುವಿನಲ್ಲಿ ವಾರದ ಮೊದಲ ದಿನ ಮಾತ್ರ ಎದೆ ಬಿಗಿಯುತ್ತದೆ; ಮಂಗಳವಾರ, ಬುಧವಾರಕ್ಕೆ ಸಡಿಲ. ದಾವಣಗೆರೆಯ ಹಳೆಯ ಮಿಲ್ಲಿನ ನಿವೃತ್ತರೊಬ್ಬರಿಗೆ ಇದನ್ನು ಹೇಳಿದಾಗ ಅವರು ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿ, "ಕೇಳಿದ್ಯೇನ? ನಾ ಭಾನುವಾರ ಕುಡೀತೀನಿ ಅದಕ್ಕ ಅಂತಿದ್ದೆಲ್ಲ" ಅಂದರು. ಮೂವತ್ತು ವರ್ಷದ ಹಳೆಯ ಜಗಳ ಅವತ್ತು ಅರ್ಧ ಇತ್ಯರ್ಥವಾಯಿತು. ಭಾನುವಾರ ಕುಡಿಯುತ್ತಿದ್ದದ್ದೂ ನಿಜವಂತೆ.

10. ಮಸ್ಟರ್ ರೋಲಿನಲ್ಲಿ ಇಲ್ಲದವರು

ಗಾಳಿಯ ಮಾದರಿ ತೆಗೆಯಲು ಸೊಂಟಕ್ಕೆ ಕಟ್ಟುವ ಒಂದು ಪಂಪು ಇದೆ. ಅದರ ಫಿಲ್ಟರನ್ನು ಕಾಲರಿಗೆ, ಮೂಗಿನ ಹತ್ತಿರ ಸಿಕ್ಕಿಸುತ್ತಾರೆ. ವರ್ಷಗಟ್ಟಲೆ ಅದನ್ನು ಗ್ರೈಂಡರಿನವರಿಗೇ ಕಟ್ಟುತ್ತಿದ್ದೆವು. ಒಂದು ದಿನ ಪಂಪ್ ಕಟ್ಟಬೇಕಿದ್ದವನು ರಜೆ. ಲ್ಯಾಬಿನ ಹುಡುಗ ಬಂದಾಗಿತ್ತು, ವಾಪಸ್ ಕಳಿಸಲು ಮನಸ್ಸಾಗಲಿಲ್ಲ. ಕಸ ಗುಡಿಸುವ ಅಮ್ಮ ಎದುರಿಗೆ ಸಿಕ್ಕರು. "ನಂಗ್ಯಾಕಪ್ಪ ಈ ಡಬ್ಬ?" ಎನ್ನುತ್ತಲೇ ಸೆರಗಿನ ಮೇಲೆ ಕಟ್ಟಿಸಿಕೊಂಡರು.

ರಿಪೋರ್ಟು ಬಂದಾಗ ಅಂಕಿ ತಪ್ಪಿರಬೇಕು ಎಂದು ಲ್ಯಾಬಿಗೆ ಫೋನ್ ಮಾಡಿದೆ. ತಪ್ಪಿರಲಿಲ್ಲ. ನೀರಿನ ಗ್ರೈಂಡರ್ ಬಂದ ಮೇಲೆ ನಮ್ಮ ಹುಡುಗರ ಅಂಕಿ ಇಳಿದಿತ್ತು. ಅಮ್ಮನ ಅಂಕಿ ಆ ಹುಡುಗರ ಅಂಕಿಯ ಎರಡರಷ್ಟಿತ್ತು. ಬೆಳಗ್ಗೆ ಆರಕ್ಕೆ, ನಾವ್ಯಾರೂ ಬರುವ ಮುಂಚೆ, ರಾತ್ರಿಯಿಡೀ ಒಣಗಿದ ಸ್ಲರಿಯನ್ನು ಅವರು ತೆಂಗಿನ ಪೊರಕೆಯಲ್ಲಿ ಗುಡಿಸುತ್ತಿದ್ದರು. ಮಾಸ್ಕ್ ಪಟ್ಟಿಯಲ್ಲಿ, ಎಕ್ಸ್‌ರೇ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅವರು ಕಾಂಟ್ರಾಕ್ಟರಿನ ಕಡೆಯವರು. ಹತ್ತು ವರ್ಷದಿಂದ ಗುಡಿಸುತ್ತಿದ್ದರು.

ಧೂಳು ಹೊರಬಿಡದ ಫಿಲ್ಟರಿನ ವ್ಯಾಕ್ಯೂಮ್ ಕ್ಲೀನರಿಗೆ ಅರ್ಜಿ ಹಾಕಿದೆ. ನಾಲ್ಕು ತಿಂಗಳಿಗೆ ಮಂಜೂರಾಯಿತು, ಬಂತು. ಅಮ್ಮನನ್ನು ಎಕ್ಸ್‌ರೇಗೆ ಕಳಿಸಿದೆವು. ಮೊನ್ನೆ ಆ ಕಡೆ ಹೋಗಿದ್ದಾಗ ಬೆಳಗ್ಗೆ ಆರಕ್ಕೇ ಗೇಟ್ ದಾಟಿದೆ. ಯಂತ್ರ ಸ್ಟೋರಿನಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ದುಬಾರಿ ಸಾಮಾನು, ಕೀ ಸ್ಟೋರ್‌ಕೀಪರಿನ ಬಳಿ, ಅವನು ಬರುವುದು ಒಂಬತ್ತಕ್ಕೆ. ಅಮ್ಮ ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಚೊಂಬು ಹಿಡಿದು, ಸಗಣಿ ಸಾರಿಸುವ ಮುಂಚೆ ಅಂಗಳಕ್ಕೆ ಚಿಮುಕಿಸುವ ಹಾಗೆ ನೀರು ಚಿಮುಕಿಸಿಕೊಂಡು ಗುಡಿಸುತ್ತಿದ್ದರು. ನಾನು ಸ್ಟೋರ್‌ಕೀಪರಿಗೆ ಫೋನ್ ಹಚ್ಚಿದೆ.